‘ಪರಿಸರ ನಮ್ಮ ತಾಯಿ’ ಬೇಡ, ಕೊಡ ಎಣಿಸಿ ಬರೆಸಿ

ಪ್ರಶ್ನೆ: ನಾನು ಬೀದರ್ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಇಂಗ್ಲೆಂಡಿನ ಒಂದು ಶಾಲೆಯವರು ಸುಸ್ಥಿರತೆಯ ಬಗ್ಗೆ ಎರಡೂ ಕಡೆಯ ಮಕ್ಕಳಿಂದ ಬರೆಸಿ ಹಂಚಿಕೊಳ್ಳೋಣ ಅಂತ ಮೇಲ್ ಮಾಡಿದ್ದಾರೆ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಇಂಗ್ಲಿಷ್‌ನಲ್ಲಿ ಸ್ವಂತವಾಗಿ ನಾಲ್ಕು ಸಾಲು ಬರೆಯೋದೇ ಅವರಿಗೆ ಕಷ್ಟ. ವಿಷಯ ನೋಡಿದರೆ ಬೆಟ್ಟದಷ್ಟು ದೊಡ್ಡದು. ಅವರ ಮಕ್ಕಳ ಮುಂದೆ ನಮ್ಮ ಮಕ್ಕಳು ಸಣ್ಣವರಾಗಿ ಕಾಣಬಾರದು ಅನ್ನೋ ಭಯವೂ ಇದೆ. ಒಪ್ಪಿಕೊಳ್ಳಲೇ? ಒಪ್ಪಿದರೆ ಏನು ಬರೆಸಲಿ?

ಉತ್ತರ: ಒಪ್ಪಿಕೊಳ್ಳಿ ಮೇಡಂ. ಆದರೆ ಮೊದಲ ದಿನವೇ ಬೋರ್ಡಿನ ಮೇಲೆ ‘ಜಾಗತಿಕ ಸುಸ್ಥಿರತೆ’ ಅಂತ ಬರೆದು, ಪ್ರಬಂಧ ಬರೆಯಿರಿ ಅಂತ ಹೇಳಬೇಡಿ. ನಾನು ಆ ತಪ್ಪು ಮಾಡಿ ಪೂರ್ತಿ ಒಂದು ವರ್ಷ ಕಳೆದುಕೊಂಡವನು.

ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ವಿಜ್ಞಾನ ಕಲಿಸಿದ್ದೇನೆ. ಹೊರದೇಶದ ಶಾಲೆಗಳ ಜೊತೆ ಇಂಥ ಬರಹದ ಕೆಲಸ ನಾಲ್ಕು ಸಲ ಮಾಡಿದ್ದೇನೆ. ಮೊದಲ ಸಲ 38 ಪ್ರಬಂಧ ಕಳಿಸಿದೆವು. ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರ. ಎಲ್ಲದರ ಮೊದಲ ಸಾಲು ಒಂದೇ: ‘ಪರಿಸರ ನಮ್ಮ ತಾಯಿ.’ ಕೊನೆಯ ಸಾಲೂ ಒಂದೇ: ‘ಆದ್ದರಿಂದ ನಾವೆಲ್ಲರೂ ಗಿಡ ನೆಡಬೇಕು.’ ನಡುವೆ ಇದ್ದದ್ದು ಗೈಡಿನ ಮಾತು. ಹದಿನೈದು ದಿನ ಬಿಟ್ಟು ಆ ಕಡೆಯಿಂದ ಎರಡು ಸಾಲಿನ ಮೇಲ್ ಬಂತು. ತುಂಬ ಚೆನ್ನಾಗಿದೆ, ಧನ್ಯವಾದ ಅಂತ. ಅಷ್ಟೇ. ಅವರದೇನೂ ತಪ್ಪಿಲ್ಲ. ಪರಿಸರ ನಮ್ಮ ತಾಯಿ ಅಂದರೆ ಎದುರಿಗಿದ್ದವರು ಏನು ಹೇಳಬೇಕು? ಹೌದು ಅನ್ನಬಹುದು. ಮಾತು ಅಲ್ಲಿಗೆ ಮುಗಿಯಿತು.

ಎರಡನೇ ಸಲ ಪ್ರಬಂಧ ಅನ್ನೋ ಪದವನ್ನೇ ಬಿಟ್ಟೆ. ಒಬ್ಬ ಹುಡುಗ ಅಭ್ಯಾಸಬಲದಿಂದ ‘ನೀರು ಜೀವಾಮೃತ, ನೀರಿಲ್ಲದೆ ಜೀವನವಿಲ್ಲ’ ಅಂತ ಶುರು ಮಾಡಿದ್ದ. ಹತ್ತಿರ ಕೂರಿಸಿಕೊಂಡು ಕೇಳಿದೆ. ನಿನ್ನೆ ನಿಮ್ಮ ಮನೆಗೆ ಎಷ್ಟು ಕೊಡ ನೀರು ಬಂತು? ಅವನಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಎಣಿಸಿಕೊಂಡು ಬಾ ಅಂದೆ. ಮರುದಿನ ಅವನು ತಂದ ಬರಹ ಇದು:

‘ನಮ್ಮ ಮನೆಯಲ್ಲಿ ಐದು ಜನ. ನಿನ್ನೆ 11 ಕೊಡ ನೀರು ತಂದೆವು. ಅವ್ವ 6, ತಂಗಿ 3, ನಾನು 2. ಅಪ್ಪ ತರಲಿಲ್ಲ. ನಮ್ಮ ಕೊಡದಲ್ಲಿ ಒಂದು ಲೀಟರಿನ ಬಾಟಲಿಯಿಂದ 14 ಬಾಟಲಿ ಹಿಡಿಯುತ್ತದೆ. ನಾನು ಎಣಿಸುವುದನ್ನು ನೋಡಿ ಅವ್ವ ನಕ್ಕಳು. ಇಷ್ಟು ವರ್ಷ ಎಲ್ಲಿಗೆ ಹೋಗಿತ್ತು ನಿನ್ನ ಲೆಕ್ಕ ಅಂದಳು. ನಿಮ್ಮ ಮನೆಯಲ್ಲಿ ನೀರು ಯಾರು ತರುತ್ತಾರೆ?’

ನನ್ನ ಪ್ರಕಾರ ಇಡೀ ಕೆಲಸದ ಗುಟ್ಟು ಈ ಏಳೆಂಟು ಸಾಲಿನಲ್ಲಿದೆ. ಕಣ್ಣಾರೆ ಕಂಡದ್ದು ಇದೆ. ಅಳೆದದ್ದು ಇದೆ. ಮನೆಯವರ ಒಂದು ಮಾತಿದೆ. ಕೊನೆಗೆ, ಉತ್ತರ ಗೊತ್ತಿಲ್ಲದೆ ನಿಜವಾಗಿಯೂ ಕೇಳಿದ ಪ್ರಶ್ನೆ ಇದೆ. 42 ಮಕ್ಕಳಿಂದಲೂ ನೀವು ಕೇಳಬೇಕಾದದ್ದು ಇಷ್ಟೇ. ಉಪದೇಶದ ಸಾಲು ಕಂಡರೆ ಮುಲಾಜಿಲ್ಲದೆ ಹೊಡೆದು ಹಾಕಿ.

ಲೆಕ್ಕ ಮುಂದಕ್ಕೆ ಹೋಯಿತು. 11 ಕೊಡ ಅಂದರೆ 154 ಲೀಟರ್. ಐದು ಜನರಿಗೆ ಹಂಚಿದರೆ ತಲೆಗೆ ಸುಮಾರು 31. ಹಳ್ಳಿಯ ಪ್ರತಿ ಮನೆಗೂ ನಳ ಕೊಡುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತಲ್ಲ, ಅದರ ಗುರಿ ದಿನಕ್ಕೆ ತಲೆಗೆ 55 ಲೀಟರ್. ಇಂಗ್ಲೆಂಡಿನಲ್ಲಿ ಒಬ್ಬರು ದಿನಕ್ಕೆ ಬಳಸೋದು ಸರಾಸರಿ ಸುಮಾರು 140 ಲೀಟರ್. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ ತರಗತಿ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: ‘ಅವರಲ್ಲಿ ಮಳೆ ಜಾಸ್ತಿ ಸರ್, ಅದಕ್ಕೆ.’

ಹೌದಾ? ನೋಡೋಣ ಅಂದೆ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಿಮ್ಮ ಬೀದರಿನಲ್ಲಿ 800ಕ್ಕೂ ಜಾಸ್ತಿ! ಮಕ್ಕಳು ನಂಬಲಿಲ್ಲ. ನಿಮ್ಮ ಮಕ್ಕಳೂ ನಂಬಲಿಕ್ಕಿಲ್ಲ. ವ್ಯತ್ಯಾಸ ಇರೋದು ಮಳೆ ಬೀಳುವ ರೀತಿಯಲ್ಲಿ. ಅಲ್ಲಿ ವರ್ಷವಿಡೀ ಜಿನುಗುತ್ತದೆ. ನಮ್ಮಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹರಿದು ಹೋಗುತ್ತದೆ. ಉಳಿದದ್ದನ್ನು ಬಿಸಿಲು ಕುಡಿಯುತ್ತದೆ. ಹಾಗಾದರೆ ಇಲ್ಲಿರೋ ಪ್ರಶ್ನೆ, ಬಿದ್ದ ನೀರನ್ನು ಹಿಡಿದಿಡೋದು ಹೇಗೆ ಅನ್ನೋದು. ಇದನ್ನು ಹೇಳಿಕೊಡೋದು ಬೇರೆ, ಕೊಡದ ಲೆಕ್ಕದಿಂದ ಮಕ್ಕಳೇ ಅಲ್ಲಿಗೆ ಬಂದು ಮುಟ್ಟೋದು ಬೇರೆ.

ಆ ಹುಡುಗನ ಪ್ರಶ್ನೆಗೆ ಉತ್ತರವೂ ಬಂತು. ಅಲ್ಲಿನ ಹುಡುಗಿ ಬರೆದಿದ್ದಳು: ನಮ್ಮ ಮನೆಗೆ ನೀರು ಯಾರೂ ತರುವುದಿಲ್ಲ, ಕೊಳವೆಯಲ್ಲಿ ಬರುತ್ತದೆ. ಆದರೆ ನೀನು ಕೇಳಿದ ಮೇಲೆ, ಅದು ಎಲ್ಲಿಂದ ಬರುತ್ತದೆ ಅಂತ ಅಪ್ಪನನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ನಮ್ಮ ಮಕ್ಕಳು ಇದನ್ನು ಓದಿ ಬಿದ್ದು ಬಿದ್ದು ನಕ್ಕರು. ಅವರು ಸಣ್ಣವರಾಗಿ ಕಾಣುತ್ತಾರೆ ಅನ್ನೋ ಭಯ ನನಗೂ ಇತ್ತು ಮೇಡಂ. ಅವತ್ತೇ ಹೋಯಿತು.

ಈಗ ಆ ದೊಡ್ಡ ಪದದ ವಿಚಾರ. ನಿಮ್ಮ ಜೊತೆಗಾರ ಶಾಲೆಯವರು ವಿಶ್ವಸಂಸ್ಥೆಯ ಗುರಿಗಳ ಪಟ್ಟಿ ಕಳಿಸಿರುತ್ತಾರೆ. 2015ರಲ್ಲಿ ಒಪ್ಪಿದ್ದು, 2030ರೊಳಗೆ ಮುಟ್ಟಬೇಕಾದ 17 ಗುರಿಗಳು, ಅವುಗಳೊಳಗೆ 169 ಸಣ್ಣ ಗುರಿಗಳು. ಬಣ್ಣಬಣ್ಣದ ಚೌಕಗಳ ಪೋಸ್ಟರ್ ಅಂದವಾಗಿಯೇ ಇರುತ್ತದೆ. ಆದರೆ ಅದರಿಂದ ಶುರು ಮಾಡಬೇಡಿ. ಬರಹ ಮುಗಿದ ಮೇಲೆ ಅದನ್ನು ಗೋಡೆಗೆ ಹಚ್ಚಿ, ನಿನ್ನ ಬರಹ ಇದರಲ್ಲಿ ಎಲ್ಲಿ ಕೂರುತ್ತದೆ ಅಂತ ಕೇಳಿ. ಕೊಡದ ಹುಡುಗ ನೇರವಾಗಿ 6ನೇ ಗುರಿಗೆ ಕೈ ಇಟ್ಟ, ನೀರು ಅಂತ. ಪಕ್ಕದಲ್ಲಿದ್ದ ಹುಡುಗಿ ಅವನ ಕೈ ಎಳೆದು 5ರ ಮೇಲೆ ಇಟ್ಟಳು. ಅದು ಹೆಣ್ಣು ಗಂಡಿನ ಸಮಾನತೆಯ ಗುರಿ. ‘ಅಪ್ಪ ತರಲಿಲ್ಲ ಅಂತ ಬರೆದೀಯಲ್ಲ, ಇದೇ ಅದು’ ಅಂದಳು. ನಾನು ಹೇಳಿಕೊಟ್ಟದ್ದಲ್ಲ.

ಸುಸ್ಥಿರತೆ ಅಂದರೇನು ಅಂತ ಕೇಳಿದರೆ ವಿಶ್ವಸಂಸ್ಥೆಯ ಆಯೋಗವೊಂದು ಕೊಟ್ಟ 1987ರ ಬ್ರುಂಟ್‌ಲಾಂಡ್ ವರದಿಯ ಮಾತು ಹೇಳಬಹುದು. ಮುಂದಿನ ತಲೆಮಾರಿನವರ ಅಗತ್ಯಕ್ಕೆ ಕೊರತೆ ಬಾರದ ಹಾಗೆ ಇವತ್ತಿನ ಅಗತ್ಯ ಪೂರೈಸಿಕೊಳ್ಳೋದು. ನಮ್ಮ ಒಬ್ಬ ಹುಡುಗಿ ಅದನ್ನೇ ಒಂದೇ ಏಟಿಗೆ ಹೇಳಿದಳು: ‘ಬೀಜಕ್ಕೆ ಇಟ್ಟ ಜೋಳ ಉಣ್ಣಬಾರದು, ಅಷ್ಟೇ ಅಲ್ವಾ ಸರ್?’ ಅಷ್ಟೇ.

ವಿಷಯ ಆರಿಸುವಾಗ ಒಂದು ಎಚ್ಚರ ಬೇಕು. ನಮ್ಮೂರಿನ ಬಗ್ಗೆ ನಾವು, ಅವರೂರಿನ ಬಗ್ಗೆ ಅವರು ಬರೆದರೆ ಎರಡು ಕಂತೆ ಕಾಗದ ಆಗುತ್ತದೆ, ಮಾತುಕತೆ ಆಗೋದಿಲ್ಲ. ಎರಡೂ ಊರನ್ನು ಮುಟ್ಟುವ ಒಂದು ವಸ್ತು ಹಿಡಿಯಿರಿ. ನಮ್ಮ ಭಾಗದಲ್ಲಿ ಅದಕ್ಕೆ ಬರವಿಲ್ಲ. ಯಾದಗಿರಿ ಕಡೆಯ ಮಕ್ಕಳಿಗಾದರೆ ಹತ್ತಿ. ಒಂದು ಹತ್ತಿ ಟೀ ಶರ್ಟ್ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಹೊಲದಲ್ಲಿ ಹತ್ತಿ ಬಿಡಿಸಿದ ಕೈ ಇಲ್ಲಿ, ಅಂಗಿ ತೊಟ್ಟ ಮೈ ಅಲ್ಲಿ.

ನನಗೆ ಜಾಸ್ತಿ ಇಷ್ಟವಾದದ್ದು ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಇದೇ ನೆಲದ್ದು ಅನ್ನೋ ಭೌಗೋಳಿಕ ಗುರುತು, ಸಿಕ್ಕಿದೆ. ನಿಮ್ಮ ಬೀದರಿನ ಹೊಲಗಳಲ್ಲೂ ತೊಗರಿ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ತೊಗರಿ ಬೆಳೆಯೋದೂ ನಾವೇ, ತಿನ್ನೋದೂ ನಾವೇ. ಆದರೂ ಸಾಲದೆ ಮೊಜಾಂಬಿಕ್, ಮಲಾವಿ, ತಾಂಜಾನಿಯ, ಮ್ಯಾನ್ಮಾರ್‌ಗಳಿಂದ ತರಿಸುತ್ತೇವೆ. ಮೊಜಾಂಬಿಕ್ ಜೊತೆಗೆ ಬೇಳೆಕಾಳಿನ ಒಪ್ಪಂದವೇ ಆಯಿತು, 2016ರಲ್ಲಿ. ಆ ಹಡಗು ಬಂದರು ಮುಟ್ಟಿದರೆ ಇಲ್ಲಿ ಎಪಿಎಂಸಿಯಲ್ಲಿ ದರ ಅಲುಗುತ್ತದೆ. ಮಾಲು ತಂದ ರೈತ ಇವತ್ತು ಮಾರಲೋ ಬೇಡವೋ ಅಂತ ಚಹಾ ಕುಡಿಯುತ್ತ ಕೂರುತ್ತಾನೆ. ಜಾಗತಿಕ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೆ ಅರ್ಥ ನನಗೆ ಗೊತ್ತಿಲ್ಲ. ನಿಮ್ಮ ಇಂಗ್ಲೆಂಡಿನ ಶಾಲೆಯವರಿಗೆ ಆಫ್ರಿಕಾದ ಯಾವುದಾದರೂ ಶಾಲೆಯ ಪರಿಚಯ ಇದ್ದರೆ ಮೂರನೆಯವರಾಗಿ ಸೇರಿಸಿಕೊಳ್ಳಿ. ಮಲಾವಿಯಲ್ಲಿ ತೊಗರಿಗೆ ನಂದೋಲೊ ಅನ್ನುತ್ತಾರೆ, ಸ್ವಾಹಿಲಿಯಲ್ಲಿ ಮ್ಬಾಝಿ. ಅವರು ಹೇಗೆ ಬೇಯಿಸುತ್ತಾರೆ, ತೊಗರಿ ಕಟ್ಟಿಗೆಯನ್ನು ನಮ್ಮ ಹಾಗೆ ಒಲೆಗೆ ಹಾಕುತ್ತಾರಾ, ಗಿಡ ಒಣಗಿಸುವ ನೆಟೆ ರೋಗ ಅಲ್ಲೂ ಕಾಡುತ್ತದಾ. ಪ್ರಶ್ನೆಗಳು ತಾವೇ ಹುಟ್ಟುತ್ತವೆ.

ಆದರೆ ನೀವು ಬೀದರಿನವರು. ನಿಮ್ಮ ಕಾಲ ಕೆಳಗೇ ಒಂದು ಪಾಠ ಇದೆ. ನೌಬಾದ್‌ನ ಕರೇಜ್ ನೋಡಿದ್ದೀರಲ್ಲ, ಸುರಂಗ ಬಾವಿ ಅನ್ನುತ್ತೇವಲ್ಲ, ಅದು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆ ಇಲ್ಲಿಗೆ ಬಂತು. ಬೀದರ್ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗಿನ ಕಪ್ಪು ಕಲ್ಲು ಸುಲಭಕ್ಕೆ ಬಿಡೋದಿಲ್ಲ. ಹಾಗೆ ನಡುವೆ ನಿಂತ ನೀರಿಗೆ ತಾಯಿ ಬಾವಿ ತೋಡಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಇಳಿಜಾರಾಗುವ ಸುರಂಗ ಕೊರೆದು, ನೀರನ್ನು ತಾನಾಗಿ ಹರಿಯುವಂತೆ ಮಾಡಿದರು. ಗಾಳಿಗೆ, ಹೂಳು ತೆಗೆಯೋಕೆ ನಡುನಡುವೆ ಮೇಲಿನಿಂದ ಬಾವಿಗಳು. ಪಂಪಿಲ್ಲ, ಕರೆಂಟಿಲ್ಲ.

ಇದರಲ್ಲಿ ಸುಸ್ಥಿರತೆಯ ವಿಷಯ ಎಲ್ಲಿದೆ ಗೊತ್ತಾ? ಸುರಂಗ ಇರುವ ಮಟ್ಟಕ್ಕೆ ನೀರು ಬಂದರೆ ಮಾತ್ರ ಹರಿಯುತ್ತದೆ. ಮಳೆ ಕಡಿಮೆಯಾದರೆ ಹರಿವೂ ಕಡಿಮೆ. ಭೂಮಿ ಕೊಟ್ಟಷ್ಟೇ ತೆಗೆದುಕೊಳ್ಳೋದು ಅದರ ಕಟ್ಟಡದಲ್ಲೇ ಇದೆ. ಬೋರ್‌ವೆಲ್ ಹಾಗಲ್ಲ. 200 ಅಡಿಗೆ ನೀರು ಸಿಗದಿದ್ದರೆ 400, ಅದಕ್ಕೂ ಸಿಗದಿದ್ದರೆ ಇನ್ನೂ ಕೆಳಗೆ. ಸುತ್ತ ಬೋರ್ ಹೊಡೆದರೆ ಸುರಂಗದ ನೀರೂ ಕೆಳಕ್ಕೆ ಇಳಿಯುತ್ತದೆ. ಒಂದು ಗುಂಪಿನ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ, ಊರಿನ ಬೋರುಗಳ ಆಳವನ್ನು ಹಳೆಯದರಿಂದ ಹೊಸದರವರೆಗೆ ಸಾಲಾಗಿ ಬರೆದರೆ ಸಾಕು. ಆ ಪಟ್ಟಿಯೇ ಒಂದು ಬರಹ. ಇರಾನಿನ ಇಂಥ ಕಾಲುವೆಗಳು 2016ರಲ್ಲಿ, ಒಮಾನಿನವು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ ಅಂತಲೂ ಹೇಳಿ. ಬೀದರ್ ಮೂಲೆಯಲ್ಲಿರೋ ಊರು ಅಂದುಕೊಂಡ ಮಕ್ಕಳಿಗೆ ಇದು ಬೇಕು. ಸ್ಥಳ ನೋಡಲು ಕರೆದುಕೊಂಡು ಹೋದರೆ ಗಾಳಿ ಬಾವಿಗಳ ಅಂಚಿಗೆ ಯಾರೂ ಹೋಗದ ಹಾಗೆ ನೋಡಿಕೊಳ್ಳಿ. ಮಕ್ಕಳು ಬಗ್ಗಿ ನೋಡದೆ ಬಿಡೋದಿಲ್ಲ.

ಅಂದ ಹಾಗೆ, ನಿಮ್ಮೂರಿಗೆ ಪತ್ರ ವ್ಯವಹಾರ ಹೊಸದೇನಲ್ಲ. 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಇಲ್ಲಿ ಕೂತು ತುರ್ಕಿಯ ಸುಲ್ತಾನನಿಗೆ, ಪರ್ಷಿಯನ್ ಕವಿ ಜಾಮಿಗೆ ಕಾಗದ ಬರೆದವನು. ಮೊದಲ ದಿನ ಮಕ್ಕಳಿಗೆ ಪೀಠಿಕೆ ಬೇಕಿದ್ದರೆ ಇದು ಸಾಕು.

ಭಾಷೆಯ ಬಗ್ಗೆ ನಿಮ್ಮ ಚಿಂತೆ ನ್ಯಾಯವಾದದ್ದು. ನನ್ನ ದಾರಿ ಇದು. ಮೊದಲು ಕನ್ನಡದಲ್ಲಿ ಬರೆಯಲಿ. ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳು ಆ ಪದಗಳನ್ನೇ ಸೇರಿಸಲಿ, ತಡೆಯಬೇಡಿ. 42 ಮಕ್ಕಳನ್ನು ಐದೈದರ ಗುಂಪು ಮಾಡಿ. ಒಂದು ಗುಂಪಿನಿಂದ ಒಂದೇ ಬರಹ, ಒಂದು ಪುಟ ಮೀರಬಾರದು. ಇಂಗ್ಲಿಷ್ ಮಾಡೋದನ್ನು ನಿಮ್ಮ ಎರಡು ಪಿರಿಯಡ್‌ಗಳಲ್ಲಿ ಬೋರ್ಡಿನ ಮೇಲೆ ಎಲ್ಲರೂ ಸೇರಿ ಮಾಡಿ. ಫೋನಿನ ಅನುವಾದದ ಆ್ಯಪ್ ಬಳಸಿ, ತಪ್ಪೇನಿಲ್ಲ. ಆದರೆ ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿಸಿ. ಮಕ್ಕಳು ಹೌಹಾರುತ್ತಾರೆ. ಅಲ್ಲೇ ಇಂಗ್ಲಿಷ್ ಪಾಠ ಶುರುವಾಗುತ್ತದೆ. ಚಾಟ್‌ಜಿಪಿಟಿಗೆ ಇಡೀ ಬರಹ ಬರೆಯೋಕೆ ಕೊಟ್ಟರೆ ಮಾತ್ರ ‘ಪರಿಸರ ನಮ್ಮ ತಾಯಿ’ ಇನ್ನೂ ಚೆಂದದ ಇಂಗ್ಲಿಷಿನಲ್ಲಿ ವಾಪಸ್ ಬರುತ್ತದೆ. ಕನ್ನಡದ ಮೂಲ ಹಾಳೆಯ ಫೋಟೊವನ್ನೂ ಜೊತೆಗೆ ಕಳಿಸಿ. ನಮ್ಮ ಅಕ್ಷರ ನೋಡಿ ಆ ಮಕ್ಕಳು ತಮ್ಮ ಹೆಸರು ಕನ್ನಡದಲ್ಲಿ ಹೇಗೆ ಬರೆಯೋದು ಅಂತ ಕೇಳಿಯೇ ಕೇಳುತ್ತಾರೆ.

ಎಲ್ಲ ಪದಕ್ಕೂ ಇಂಗ್ಲಿಷ್ ಹುಡುಕಬೇಡಿ. ಮೂರನೇ ಸಲ ಒಂದು ಗುಂಪು ಗುಳೆ ಬಗ್ಗೆ, ಅಂದರೆ ದುಡಿಮೆಗಾಗಿ ಊರು ಬಿಟ್ಟು ಹೋಗೋದರ ಬಗ್ಗೆ, ಬರೆದಿತ್ತು. ಕಾಕಾನ ಮನೆಯವರು ದೀಪಾವಳಿ ಆದ ಮೇಲೆ ಪುಣೆಗೆ ಗುಳೆ ಹೋದವರು ಯುಗಾದಿಗೆ ಬರುತ್ತಾರೆ ಅಂತ. ಆ್ಯಪ್ ಅದನ್ನು ‘ಮೈಗ್ರೇಶನ್’ ಮಾಡಿತು. ಆ ಕಡೆಯ ಒಬ್ಬ ಹುಡುಗ ಕೇಳಿದ: ಬೇಸಿಗೆಯಲ್ಲಿ ನಮ್ಮ ಹಕ್ಕಿಗಳು ವಾಪಸ್ ಬರುತ್ತವೆ, ನಿಮ್ಮ ಕಾಕಾ ಯಾಕೆ ಹೋಗುತ್ತಾರೆ? ಒಳ್ಳೆ ಪ್ರಶ್ನೆಯೇ. ಮುಂದಿನ ಕಾಗದದಲ್ಲಿ ‘ಗುಳೆ’ ಅನ್ನೋ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಅದಕ್ಕೆ ಆರು ಸಾಲು ಅರ್ಥ ಬರೆದೆವು. ಮನೆಗೆ ಬೀಗ, ಅಜ್ಜಿಯ ಹತ್ತಿರ ಉಳಿದ ತಮ್ಮ, ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರು. ಆ ವರ್ಷದ ಅತ್ಯುತ್ತಮ ಬರಹ ಆ ಆರು ಸಾಲು.

ಆದರೆ ಇಂಥ ವಿಷಯದಲ್ಲಿ ಹುಷಾರಾಗಿರಿ. ಗುಳೆ ಹೋದ ಮನೆಯ ಮಗುವಿನಿಂದಲೇ ಅದನ್ನು ಬರೆಸಬೇಕು ಅಂತ ಹಟ ಬೇಡ. ಅದು ತಾನಾಗಿ ಮುಂದೆ ಬಂದರೆ ಸರಿ. ಇಲ್ಲದಿದ್ದರೆ ಊರಿನ ಮಾತಾಗಿ ಬರೆಯಲಿ, ಮನೆಯ ಮಾತಾಗಿ ಬೇಡ. ಇನ್ನೊಂದು, ಆ ಕಡೆಯವರಿಗೆ ಮರುಕ ಹುಟ್ಟುತ್ತದೆ. ನಮಗೆ ಒಂದು ಶಾಲೆಯವರು ಬ್ಯಾಗು, ಬೂಟು ಒಟ್ಟು ಮಾಡಿ ಕಳಿಸುತ್ತೇವೆ ಅಂದರು. ಒಳ್ಳೆ ಮನಸ್ಸೇ. ನಾನು ಬೇಡ ಅಂದೆ, ಪ್ರಶ್ನೆ ಕಳಿಸಿ ಅಂದೆ. ವಿದೇಶದಿಂದ ಹಣ, ಸಾಮಾನು ಪಡೆಯೋಕೆ 2010ರ ಎಫ್‌ಸಿಆರ್‌ಎ ಕಾಯ್ದೆಯ ಕಟ್ಟುಪಾಡು ಇದೆ, ಶಾಲೆ ಸುಮ್ನೆ ಆ ತಂಟೆಗೆ ಹೋಗಬಾರದು. ಅದಕ್ಕಿಂತ ದೊಡ್ಡ ಕಾರಣ ಬೇರೆ. ಕೊಡುವವರು, ತೆಗೆದುಕೊಳ್ಳುವವರು ಆದ ಮೇಲೆ ಮಕ್ಕಳು ಸರಿಸಮ ಕೂತು ಮಾತಾಡೋದಿಲ್ಲ. ಮಾತು ಯಾವಾಗಲೂ ನಮ್ಮ ಕೊರತೆಯ ಸುತ್ತಲೇ ತಿರುಗಿದರೆ ದಿಕ್ಕು ಬದಲಿಸಿ. ಭಾರತದಲ್ಲಿ ಒಬ್ಬರ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ, ಅಮೆರಿಕದಲ್ಲಿ ಸುಮಾರು 14 ಟನ್. ನಿಮ್ಮಲ್ಲಿ ಎಷ್ಟು, ಯಾವುದರಿಂದ ಅಂತ ನಮ್ಮ ಮಕ್ಕಳೂ ಕೇಳಲಿ. ಜಗಳಕ್ಕಲ್ಲ, ತಿಳಿದುಕೊಳ್ಳೋಕೆ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ ಅಂತ ಬರೆದಾಗ ಅವರಿಗೆ ಬಿಸಿಲು ಅಂದರೇನು ಅಂತ ಅರ್ಥವಾಯಿತು. 43 ಡಿಗ್ರಿ ಅನ್ನೋ ಅಂಕಿಯಿಂದ ಆಗಿರಲಿಲ್ಲ.

ಉಳಿದದ್ದು ಆಡಳಿತದ ಕೆಲಸ. ಮುಖ್ಯ ಗುರುಗಳಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಹೋಗಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಪಾಲಕರ ಸಹಿ ಪಡೆಯಿರಿ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ಮಾಹಿತಿ ಕಾಯ್ದೆಯಲ್ಲೇ ಇದೆ. ಮಕ್ಕಳ ಪೂರ್ತಿ ಹೆಸರು, ಮುಖದ ಫೋಟೊ, ಫೋನ್ ನಂಬರ್ ಯಾವುದೂ ಹೋಗಬಾರದು. ನಾವು ಗುಂಪುಗಳಿಗೆ ಭೀಮಾ, ಮಾಂಜ್ರಾ, ಕಾರಂಜಾ ಅಂತ ಹೊಳೆಗಳ ಹೆಸರು ಇಟ್ಟಿದ್ದೆವು. ಕಾಗದವೆಲ್ಲ ಶಿಕ್ಷಕರಿಂದ ಶಿಕ್ಷಕರಿಗೆ. ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ಒಬ್ಬರನ್ನೊಬ್ಬರು ಹುಡುಕೋದು ಬೇಡ ಅಂತ ಎರಡೂ ಕಡೆ ಮೊದಲೇ ಹೇಳಿಬಿಡಿ.

ಸಮಯಕ್ಕೆ ಬಂದರೆ, ನಮ್ಮ ದಸರಾ ರಜೆ, ಅವರ ಅಕ್ಟೋಬರ್ ಕೊನೆಯ ರಜೆ ಎರಡೂ ಮುಗಿದ ಮೇಲೆ ಶುರು ಮಾಡಿ. ನವೆಂಬರ್‌ನಿಂದ ಕ್ರಿಸ್‌ಮಸ್ ರಜೆಯವರೆಗೆ ಆರೇಳು ವಾರ ಸಿಗುತ್ತದೆ. ಆ ಹೊತ್ತಿಗೆ ತೊಗರಿಯೂ ಹೂವು, ಕಾಯಿ ಹಿಡಿದಿರುತ್ತದೆ. ಎರಡು ಸುತ್ತು ಕಾಗದ, ಕೊನೆಗೆ ಒಂದೇ ಒಂದು ವಿಡಿಯೊ ಕರೆ. ಜಾಸ್ತಿ ಬೇಡ. ಚಳಿಗಾಲದಲ್ಲಿ ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಧ್ಯಾಹ್ನ 3:30 ಅಂದರೆ ಅಲ್ಲಿ ಬೆಳಿಗ್ಗೆ 10. ನೆಟ್ ಕೈಕೊಡುತ್ತದೆ ಅಂತಲೇ ಇಟ್ಟುಕೊಂಡು, ಮಕ್ಕಳು ಓದಿದ ಆಡಿಯೊವನ್ನು ಹಿಂದಿನ ದಿನವೇ ಕಳಿಸಿರಿ. ಇದೆಲ್ಲವನ್ನೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸಬಹುದು. ವಿಜ್ಞಾನ, ಸಮಾಜದ ಶಿಕ್ಷಕರನ್ನೂ ಸೇರಿಸಿಕೊಂಡರೆ ನಿಮ್ಮ ಪಿರಿಯಡ್ ಉಳಿಯುತ್ತದೆ.

ಈ ವಾರ ನೀವು ಮಾಡಬೇಕಾದದ್ದು ಒಂದೇ. ಆ ಶಿಕ್ಷಕರಿಗೆ ಮೇಲ್ ಬರೆದು, ನಮ್ಮ ಮಕ್ಕಳು ಮೊದಲು ಕನ್ನಡದಲ್ಲಿ ಬರೆಯುತ್ತಾರೆ, ಪ್ರತಿ ಬರಹದ ಕೊನೆಗೆ ಒಂದು ಪ್ರಶ್ನೆ ಇರುತ್ತದೆ, ನಿಮ್ಮ ಮಕ್ಕಳೂ ಹಾಗೇ ಮಾಡಲಿ ಅಂತ ತಿಳಿಸಿ. ಮತ್ತೆ, ನೀರಿನ ಲೆಕ್ಕದಿಂದ ಶುರು ಮಾಡೋದಾದರೆ ಸ್ಟೀಲ್ ಕೊಡ, ಪ್ಲಾಸ್ಟಿಕ್ ಕೊಡ ಬೇರೆ ಬೇರೆ ಅಳೆಸಿ. ಎರಡರಲ್ಲಿ ಹಿಡಿಯೋದು ಒಂದೇ ಅಲ್ಲ. ನಮ್ಮ ತರಗತಿಯಲ್ಲಿ ಅದರ ಮೇಲೆಯೇ ಒಂದು ಪಿರಿಯಡ್ ಜಗಳ ನಡೆದಿತ್ತು.